ಮುಂಬೈನ ಮಾತಿಗೆ ನಾಸಿಕ್‌ನಲ್ಲಿ ದೂರು ಹೇಗೆ?

ಪ್ರಶ್ನೆ: ಹಾಸ್ಯಗಾರ ಕುನಾಲ್ ಕಾಮ್ರಾ ಕಾರ್ಯಕ್ರಮ ನಡೆಸಿದ್ದು ಮುಂಬೈನಲ್ಲಿ. ನಾಸಿಕ್ ಜಿಲ್ಲೆಯ ಮನಮಾಡಿನಲ್ಲಿ ಪ್ರಕರಣ ದಾಖಲಾಗಿದ್ದು ಹೇಗೆ?

ಉತ್ತರ: ‘ಜೀರೋ ಎಫ್‌ಐಆರ್’ ಎಂಬ ವ್ಯವಸ್ಥೆಯಿಂದ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆ ಠಾಣೆ ಅದನ್ನು ಸಂಬಂಧಪಟ್ಟ ಠಾಣೆಗೆ ಕಳುಹಿಸುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇದಕ್ಕೆ ಆಧಾರ.

2025ರ ಮಾರ್ಚ್‌ನಲ್ಲಿ ಶಿವಸೇನೆ ನಾಯಕ ಏಕನಾಥ ಶಿಂದೆ ಅವರನ್ನು ಅಣಕಿಸಿದ ಕಾಮ್ರಾ ಹಾಡು ಹೊರಬಂತು. ಮಾರ್ಚ್ 23ರ ರಾತ್ರಿ ಶಿವಸೇನೆ ಕಾರ್ಯಕರ್ತರು ಕಾರ್ಯಕ್ರಮ ನಡೆದಿದ್ದ ಮುಂಬೈನ ಖಾರ್‌ನ ಹ್ಯಾಬಿಟಾಟ್ ಸ್ಟುಡಿಯೊಗೆ ನುಗ್ಗಿ ಕುರ್ಚಿ, ದೀಪಗಳನ್ನು ಪುಡಿಗಟ್ಟಿದರು. ಮನಮಾಡಿನ ದೂರೂ ಖಾರ್ ಠಾಣೆಗೇ ಬಂತು. ಏಪ್ರಿಲ್ 25ರಂದು ಬಾಂಬೆ ಹೈಕೋರ್ಟ್, ತನಿಖೆ ಮುಂದುವರಿಯಲಿ, ಬಂಧನ ಬೇಡ ಎಂದಿತು.

ನೊಂದವರು ದೂರು ಕೊಡುವುದು ಹಕ್ಕು. ಕುರ್ಚಿ ಮುರಿಯುವುದು ಹಕ್ಕಲ್ಲ.

ಮಾತಿನ ಸ್ವಾತಂತ್ರ್ಯ ಸಂವಿಧಾನದ 19(1)(ಎ) ವಿಧಿಯದು, ಮಿತಿಗಳು 19(2)ರವು. ಸಂಸದ ಇಮ್ರಾನ್ ಪ್ರತಾಪಗಢಿ ಅವರ ಕವಿತೆಯ ಪ್ರಕರಣದಲ್ಲಿ 2025ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್ ಹೇಳಿದಂತೆ, ಮಾತನ್ನು ಅಳೆಯಬೇಕಾದದ್ದು ಗಟ್ಟಿ ಮನಸ್ಸಿನ, ವಿವೇಕಿಗಳ ಅಳತೆಗೋಲಿನಿಂದ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಆರೋಪವಿದ್ದರೆ, ಮೇಲಧಿಕಾರಿಯ ಅನುಮತಿ ಪಡೆದು ಪೊಲೀಸರು 14 ದಿನಗಳಲ್ಲಿ ಪ್ರಾಥಮಿಕ ವಿಚಾರಣೆ ನಡೆಸಬಹುದು. ಮಾತಿನ ಪ್ರಕರಣಗಳಲ್ಲಿ ಈ ಅವಕಾಶ ಬಳಸಿಕೊಳ್ಳುವುದು ಸೂಕ್ತ ಎಂದೂ ಕೋರ್ಟ್ ಹೇಳಿತು.

ಕರ್ನಾಟಕವೂ ಅದೇ ವರ್ಷ ಇಂಥದ್ದನ್ನು ಕಂಡಿತು. ಕನ್ನಡ ತಮಿಳಿನಿಂದ ಹುಟ್ಟಿತು ಎಂಬ ಕಮಲ್ ಹಾಸನ್ ಮಾತು ಕನ್ನಡಿಗರನ್ನು ನಿಜಕ್ಕೂ ನೋಯಿಸಿತು. ಅವರ ಚಿತ್ರ ‘ಥಗ್ ಲೈಫ್’ ಜೂನ್ 5ರಂದು ಇಲ್ಲಿ ತೆರೆಕಾಣಲಿಲ್ಲ. ಜೂನ್‌ನಲ್ಲೇ ಸುಪ್ರೀಂ ಕೋರ್ಟ್, ಸೆನ್ಸಾರ್ ಪ್ರಮಾಣಪತ್ರ ಪಡೆದ ಚಿತ್ರವನ್ನು ಗುಂಪುಗಳು ತಡೆಯಲಾಗದು ಎಂದಿತು. ಪ್ರದರ್ಶಿಸಿದರೆ ರಕ್ಷಣೆ ಕೊಡುವುದಾಗಿ ರಾಜ್ಯ ಸರ್ಕಾರ ಒಪ್ಪಿಕೊಂಡಿತು.