ಗಾಜಿನ ಎಳೆಯೂ ಸಂಧಿಯ ಶುದ್ಧಿಯೂ

ಕನಕಪುರದ ರಸ್ತೆಯಲ್ಲಿ ಹೋಗಿಬರುವವರಿಗೆ ತಲಘಟ್ಟಪುರದ ರೇಷ್ಮೆ ಸಂಶೋಧನ ಸಂಸ್ಥೆಯು ಅಪರಿಚಿತವಲ್ಲ. ೨೦೨೧ನೆಯ ಇಸವಿಯ ಜನವರಿಯಿಂದ ಮೆಟ್ರೋ ರೈಲು ತಲಘಟ್ಟಪುರವನ್ನು ಹಾದು ಆ ಸಂಸ್ಥೆಯ ಹೆಸರನ್ನೇ ಹೊತ್ತ ನಿಲ್ದಾಣದವರೆಗೆ ಓಡುತ್ತಿದೆ. ರೇಷ್ಮೆಯ ಕಸುಬನ್ನು ಬಲ್ಲವರು ಒಂದು ಮಾತನ್ನು ಒಪ್ಪದಿರಲಾರರು: ಗೂಡಿನ ಎಳೆ ಎಷ್ಟೇ ಉದ್ದವಾಗಿ ಬರಲಿ, ನೂಲಿನ ಯೋಗ್ಯತೆಯು ಎಳೆ ಮುಗಿದೆಡೆಯಲ್ಲಿ ಮತ್ತೊಂದನ್ನು ಕೂಡಿಸುವ ಕೈಯನ್ನು ಅವಲಂಬಿಸಿರುವುದು. ಈಗ ಅದೇ ಊರಿನ ಹೊಸ ಬಡಾವಣೆಗಳಿಗೂ ಬಹುಮಹಡಿ ಮನೆಗಳಿಗೂ ಇನ್ನೊಂದು ಬಗೆಯ ಎಳೆ ಬರುತ್ತಿದೆ. ಅದು ಗಾಜಿನ ಎಳೆ. ಅದರೊಳಗೆ ಹರಿಯುವುದು ಬೆಳಕು. ಈ ಎಳೆಯ ಯೋಗ್ಯತೆಯೂ ಅದರ ಸಂಧಿಯಲ್ಲಿಯೇ ನಿಂತಿದೆ ಎಂಬುದನ್ನು ನಮ್ಮ ಮಹಾಜನಗಳೂ ಅಧಿಕಾರಿಗಳೂ ಇನ್ನೂ ಮನಗಂಡಂತೆ ತೋರುವುದಿಲ್ಲ. ಆದಕಾರಣ ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ತಾಮ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದುದೂ, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ವಿದ್ಯುದ್ದೀಪಗಳಿಂದ ಬೆಳಗಿದುದೂ ತಂತಿಯ ಮಹಿಮೆಯೇ. ೧೯೪೮ರಲ್ಲಿ ನಮ್ಮ ನಗರದಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯ ಟೆಲಿಫೋನುಗಳು ದೇಶದ ಮೂಲೆಮೂಲೆಗಳನ್ನು ಸೇರಿ ಮಾತನಾಡಿದುದು ತಾಮ್ರದ ಜೋಡಿ ತಂತಿಯ ಮೇಲೆಯೇ. ಆದರೆ ಮನುಷ್ಯನ ಮಾತನ್ನು ಹೊರಲು ಸಾಲುತ್ತಿದ್ದ ತಂತಿಯು ಇಂದಿನ ಕಚೇರಿಯ ಕಡತ, ವಿದ್ಯಾರ್ಥಿಯ ಪಾಠ, ವೈದ್ಯರ ಚಿತ್ರಪಟಗಳೆಲ್ಲವನ್ನೂ ಏಕಕಾಲದಲ್ಲಿ ಹೊರಲಾರದು. ಕಟ್ಟಡದೊಳಗೆ ಕಂಪ್ಯೂಟರುಗಳನ್ನು ಕೂಡಿಸುವ ತಾಮ್ರದ ಕೇಬಲ್ಲಿಗೆ ೧೦೦ ಮೀಟರುಗಳ ಎಲ್ಲೆ ವಿಧಿಸಲ್ಪಟ್ಟಿದೆ. ಟೆಲಿಫೋನು ತಂತಿಯ ಮೇಲೆ ಬರುವ ಇಂಟರ್‌ನೆಟ್ಟಿನ ವೇಗವೋ, ಮನೆಯು ವಿನಿಮಯ ಕೇಂದ್ರದಿಂದ ದೂರವಾದಂತೆಲ್ಲ ಕುಗ್ಗುತ್ತ ಹೋಗುವುದು. ಮಳೆಯ ನೀರು, ಸಿಡಿಲಿನ ಆಘಾತ, ಲೋಹದಾಸೆಯ ಕಳ್ಳರು, ಇವು ಮೂರೂ ತಾಮ್ರಕ್ಕೆ ಹುಟ್ಟು ಶತ್ರುಗಳು. ಗಾಜು ವಿದ್ಯುತ್ತನ್ನು ಒಯ್ಯದಾದುದರಿಂದ ಪಕ್ಕದ ವಿದ್ಯುತ್ ತಂತಿಯ ಕ್ಷೋಭೆ ಅದನ್ನು ತಟ್ಟದು; ಕದ್ದವನಿಗೂ ಅದರಿಂದ ಕಾಸು ಹುಟ್ಟದು.

ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮವರ ಪಾಲೂ ಉಂಟು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ೧೯೫೪ರಲ್ಲಿ ಲಂಡನಿನ ಹಾಪ್‌ಕಿನ್ಸ್ ಅವರೊಡನೆ ಗಾಜಿನೆಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿದ ವಿವರವನ್ನು ಪ್ರಕಟಿಸಿದರು. ೧೯೬೬ರಲ್ಲಿ ಚಾರ್ಲ್ಸ್ ಕಾವೋ ಅವರು, ಗಾಜಿನಲ್ಲಿ ಬೆಳಕು ಬಹುಬೇಗ ನಂದುವುದು ಗಾಜಿನ ಸ್ವಭಾವದಿಂದಲ್ಲ, ಅದರಲ್ಲಿ ಬೆರೆತ ಕಲ್ಮಷದಿಂದ ಎಂದು ಸಾಧಿಸಿದರು. ೨೦೦೯ರಲ್ಲಿ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ೧೯೭೦ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪೆನಿಯ ವಿಜ್ಞಾನಿಗಳು ಅಂತಹ ಶುದ್ಧವಾದ ಗಾಜನ್ನು ಮಾಡಿ ತೋರಿಸಿದರು. ಸರ್ ಸಿ. ವಿ. ರಾಮನ್ನರು ೧೯೨೮ರ ಮಾರ್ಚ್ ೧೬ರಂದು ಇದೇ ಬೆಂಗಳೂರಿನಲ್ಲಿ ಉಪನ್ಯಾಸವಿತ್ತು ವಿವರಿಸಿದ ಪರಿಣಾಮವೇ ಇಂದು ದೂರಪ್ರಯಾಣದಿಂದ ಬಳಲಿದ ಬೆಳಕಿಗೆ ಎಳೆಯೊಳಗೇ ಮತ್ತೆ ಬಲವೂಡಿಸುವ ಉಪಾಯವಾಗಿ ಬಳಕೆಯಲ್ಲಿದೆ. ಹೀಗಿರುವಲ್ಲಿ, ಈ ವಿದ್ಯೆಯು ಪರಕೀಯವೆಂದು ಕೈಕಟ್ಟಿ ಕೂಡಲು ನಮಗೆ ನೆಪವಿಲ್ಲ.

ಇನ್ನು ಸಂಧಿಯ ವಿಚಾರ. ಮನೆಗಳಿಗೆ ಬರುವ ಎಳೆಯ ಗಾಜಿನ ಹೊರದಪ್ಪ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ೧೨೫ ಪಾಲು; ಅದರ ನಡುವೆ ಬೆಳಕು ಹರಿಯುವ ಹಾದಿ ಸುಮಾರು ೯ ಪಾಲು ಮಾತ್ರ. ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಿರಿದಾದ ಎರಡು ಹಾದಿಗಳು ಎದುರುಬದುರಾಗಿ, ಕೂದಲೆಳೆಯಷ್ಟೂ ಅತ್ತಿತ್ತ ಸರಿಯದಂತೆ ಕೂಡಬೇಕು. ಈ ಕೆಲಸವನ್ನು ಮಾಡುವುದೇ ಕನೆಕ್ಟರು. ಅದರ ಹೃದಯವು ಜಿರ್ಕೋನಿಯಾ ಎಂಬ ಪಿಂಗಾಣಿಯ ಪುಟ್ಟ ಕೊಳವೆ; ಎಸ್‌ಸಿ ಎಂಬ ಜಾತಿಯಲ್ಲಿ ಅದರ ದಪ್ಪ ೨.೫ ಮಿಲಿಮೀಟರು, ಎಲ್‌ಸಿ ಎಂಬುದರಲ್ಲಿ ಅದರ ಅರ್ಧ. ಕೊಳವೆಯ ನಡುವಿನ ರಂಧ್ರದಲ್ಲಿ ಎಳೆಯನ್ನು ನಿಲ್ಲಿಸಿ, ತುದಿಯನ್ನು ಕನ್ನಡಿಯಂತೆ ಉಜ್ಜಿರುತ್ತಾರೆ. ನೀಲಿಯ ಕನೆಕ್ಟರಿನಲ್ಲಿ ತುದಿಯು ನೇರ. ಹಸಿರಿನದರಲ್ಲಿ, ಮರಳಿ ಚಿಮ್ಮುವ ಬೆಳಕು ಬಂದ ದಾರಿಯಲ್ಲಿಯೇ ಹಿಂದಿರುಗದಿರಲೆಂದು, ೮ ಡಿಗ್ರಿಗಳಷ್ಟು ಓರೆ. ಹಸಿರನ್ನು ನೀಲಿಗೆ ಕೂಡಿಸಿದರೆ ಎರಡೂ ತುದಿಗಳ ನಡುವೆ ಗಾಳಿಯ ಬಿರುಕು ಉಳಿದು ಬೆಳಕು ಸೋರಿಹೋಗುವುದು. ಆದರೂ ಬಣ್ಣಭೇದವನ್ನು ಅಲಂಕಾರವೆಂದು ಬಗೆಯುವ ಕೆಲಸಗಾರರು ಇಲ್ಲದಿಲ್ಲ.

ಇದರ ಲೆಕ್ಕವನ್ನು ಆಯವ್ಯಯಪತ್ರವನ್ನು ನೋಡುವಂತೆ ನೋಡಬಹುದು. ಬೆಳಕಿನ ನಷ್ಟವನ್ನು ಅಳೆಯುವ ಮಾನಕ್ಕೆ ಡೆಸಿಬೆಲ್ ಎಂದು ಹೆಸರು; ೩ ಡೆಸಿಬೆಲ್ ನಷ್ಟವಾಯಿತೆಂದರೆ ಬೆಳಕು ಅರ್ಧಕ್ಕೆ ಇಳಿಯಿತೆಂದರ್ಥ. ಮನೆಗಳಿಗೆ ಬೆಳಕನ್ನು ಹಂಚುವ, ಜಿಪಾನ್ ಎಂದು ಕರೆಯಲ್ಪಡುವ ಏರ್ಪಾಡಿನ ಸಾಮಾನ್ಯ ವರ್ಗವೊಂದರಲ್ಲಿ ಖರ್ಚಿಗೆ ದೊರೆಯುವುದು ೨೮ ಡೆಸಿಬೆಲ್. ಒಂದು ಎಳೆಯನ್ನು ೩೨ ಮನೆಗಳಿಗೆ ಹಂಚುವುದರಲ್ಲಿಯೇ ಸುಮಾರು ೧೭ ವೆಚ್ಚವಾಗುವುದು. ಉಳಿದ ೧೧ರಲ್ಲಿ ದೂರವೂ ಸಂಧಿಗಳೂ ಮುಂದಿನ ದುರಸ್ತಿಗಳೂ ಸಾಗಬೇಕು. ಅನುಕೂಲವಾದ ಅಲೆಯಲ್ಲಿ ಒಂದು ಕಿಲೋಮೀಟರು ಎಳೆಯು ನುಂಗುವುದು ಸುಮಾರು ೦.೨ ಡೆಸಿಬೆಲ್ ಮಾತ್ರ. ಒಂದು ಅಜಾಗರೂಕ ಸಂಧಿಯು ಅರ್ಧ ಡೆಸಿಬೆಲ್ಲನ್ನು ನುಂಗಿತೆಂದರೆ, ಎರಡೂವರೆ ಕಿಲೋಮೀಟರು ದೂರವನ್ನು ಅದೊಂದೇ ತಿಂದುಹಾಕಿದಂತಾಯಿತು. ಇಂತಹ ನಷ್ಟಕ್ಕೆ ಬಹುಮಟ್ಟಿಗೆ ಕಾರಣವೇನು? ಧೂಳು! ಕಣ್ಣಿಗೆ ಕಾಣದ ಒಂದು ಕಣವು ೯ ಪಾಲಿನ ಹಾದಿಗೆ ಹೆಬ್ಬಂಡೆಯಾಗಬಲ್ಲದು. ಕನಕಪುರದ ರಸ್ತೆಯಂತೆ ದಿನವೂ ಕಟ್ಟಡಗಳು ಏಳುತ್ತಿರುವೆಡೆಯಲ್ಲಿ, ಮುಚ್ಚಳ ತೆಗೆದ ಕನೆಕ್ಟರನ್ನು ಅಂಗಿಯ ಚುಂಗಿನಿಂದ ಒರಸಿ ಸಿಕ್ಕಿಸುವುದು ಎಂತಹ ಅಪಚಾರವೆಂದು ವಾಚಕರೇ ಊಹಿಸಬಹುದು.

ಆದುದರಿಂದ ಎಳೆಯ ಉದ್ದವನ್ನು ಸಾರಿ ಹೇಳುವುದರಿಂದಷ್ಟೇ ಪ್ರಯೋಜನವಿಲ್ಲ. ಗ್ರಾಮಪಂಚಾಯತಿಗಳಿಗೆ ಗಾಜಿನೆಳೆಯನ್ನು ಒಯ್ಯುವ ಯೋಜನೆಗೆ ಕೇಂದ್ರ ಸರಕಾರವು ೨೦೧೧ರಲ್ಲಿ ಒಪ್ಪಿಗೆಯಿತ್ತಿತು; ಅದೇ ಮುಂದೆ ಭಾರತ್‌ನೆಟ್ ಎನಿಸಿತು; ೨೦೨೩ರಲ್ಲಿ ೧,೩೯,೦೦೦ ಕೋಟಿ ರೂಪಾಯಿಗಳಿಗೂ ಮೀರಿದ ಮೊಬಲಗಿಗೆ ಮಂಜೂರಾತಿ ದೊರೆಯಿತು. ಇಷ್ಟು ಹಣವೂ ಕಟ್ಟಕಡೆಗೆ ಒಬ್ಬ ಯುವಕನ ಎರಡು ಬೆರಳುಗಳ ನಡುವೆ ಬಂದು ನಿಲ್ಲುವುದು. ಅವನಿಗೆ ದಿನಕ್ಕೆ ಇಷ್ಟು ಮನೆಗಳೆಂಬ ಗುತ್ತಿಗೆಯ ಲೆಕ್ಕವುಂಟು. ಸಂಧಿಯ ಗುಣಕ್ಕೆ ಲೆಕ್ಕವಿಲ್ಲ. ವಿದ್ಯುತ್ ಕಿಡಿಯಿಂದ ಎರಡು ತುದಿಗಳನ್ನು ಕರಗಿಸಿ ಬೆಸೆದ ಸಂಧಿಯಲ್ಲಿ ನಷ್ಟವು ೦.೧ ಡೆಸಿಬೆಲ್ಲನ್ನು ಮೀರದಂತೆ ಮಾಡಬಹುದು. ಆದರೆ ಅದಕ್ಕೆ ಬೆಲೆಬಾಳುವ ಯಂತ್ರವೂ ತಾಳ್ಮೆಯೂ ಬೇಕು. ಸ್ಥಳದಲ್ಲಿಯೇ ಒತ್ತಿ ಕೂಡಿಸುವ ಅಗ್ಗದ ಕನೆಕ್ಟರಿಗೆ ಎರಡೂ ಬೇಡ. ಅಂತೆಯೇ ಅದರ ನಂಬಿಕೆಯೂ ಕಡಮೆ. ತುಂಡರಿಸಿದ ಗಾಜಿನ ಚೂರು ಚರ್ಮವನ್ನು ಹೊಕ್ಕರೆ ತೆಗೆಯುವುದು ಕಷ್ಟ. ಎಳೆಯ ತುದಿಯಿಂದ ಬರುವ ಬೆಳಕು ಕಣ್ಣಿಗೆ ಕಾಣದಾದರೂ ಕಣ್ಣನ್ನು ಕೆಡಿಸಬಲ್ಲದು. ಇಷ್ಟನ್ನೂ ತಿಳಿಸಿಕೊಡದೆ ಬಾಲಕರ ಕೈಗೆ ಕತ್ತರಿಯನ್ನು ಕೊಟ್ಟು ಏಣಿಯ ಮೇಲೆ ಹತ್ತಿಸುವುದು ಅನ್ಯಾಯವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ರಸ್ತೆಯನ್ನು ಅಗೆಯುವವರಿಗೂ ಇದರಲ್ಲಿ ಹೊಣೆಯುಂಟು. ಒಂದು ಇಲಾಖೆಯು ಮುಚ್ಚಿದ ನೆಲವನ್ನು ಮತ್ತೊಂದು ಇಲಾಖೆ ತೋಡಿ ಎಳೆಯನ್ನು ಕಡಿದರೆ, ದುರಸ್ತಿಯಾದ ಮೇಲೆಯೂ ಅಲ್ಲಿ ಹೊಸ ಸಂಧಿಗಳು ಶಾಶ್ವತವಾಗಿ ನಿಲ್ಲುವುವು. ಪ್ರತಿಯೊಂದೂ ಆ ೧೧ರ ಗಂಟನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುವುದು. ಅಗೆಯುವ ಮೊದಲು ವಿಚಾರಿಸಲೆಂದು ೨೦೨೩ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಸಾಧನವನ್ನು ಕೇಂದ್ರ ಸರಕಾರವು ಒದಗಿಸಿದೆ. ವಿಚಾರಿಸುವ ಅಭ್ಯಾಸವನ್ನು ಒದಗಿಸತಕ್ಕವರು ನಮ್ಮ ಇಂಜಿನಿಯರುಗಳು. ಮರದ ಕೊಂಬೆಗೂ ದೀಪದ ಕಂಬಕ್ಕೂ ಸುರುಳಿ ಸುತ್ತಿ ನೇತುಹಾಕಿದ ಕೇಬಲ್ಲುಗಳ ವಿಷಯವೂ ಹೀಗೆಯೇ. ಗಾಜಿನೆಳೆಯು ಅತಿಯಾಗಿ ಬಾಗಿದೆಡೆಯಲ್ಲಿ ಬೆಳಕು ಹೊರಗೆ ಸೋರುವುದು.

ತಾಮ್ರದ ಟೆಲಿಫೋನು ಮನೆಯ ದೀಪ ಆರಿದಾಗಲೂ ನಡೆಯುತ್ತಿತ್ತು, ಗಾಜಿನೆಳೆಯ ಪೆಟ್ಟಿಗೆಯು ವಿದ್ಯುತ್ತಿನೊಡನೆ ತಾನೂ ಮಲಗುವುದಲ್ಲ ಎಂದು ಹಿರಿಯರು ಆಕ್ಷೇಪಿಸುವುದುಂಟು. ಆಕ್ಷೇಪವು ದಿಟವೇ. ಮನೆಯಲ್ಲೊಂದು ಚಿಕ್ಕ ಬ್ಯಾಟರಿಯನ್ನಿಟ್ಟರೆ ಅದಕ್ಕೆ ಪರಿಹಾರವುಂಟು. ತಾಮ್ರದ ಸಂಕುಚಿತ ಶಕ್ತಿಗೆ ಪರಿಹಾರವಿಲ್ಲ.

ಸ್ವದೇಶಾಭಿಮಾನಿಗಳಿಗೆ ನಾವು ಹೇಳತಕ್ಕ ಮಾತೊಂದಿದೆ. ಗಾಜಿನೆಳೆಯನ್ನು ಈ ದೇಶದಲ್ಲಿ ಎಳೆಯುವ ಕಾರ್ಖಾನೆಗಳಿವೆ. ಪಿಂಗಾಣಿಯ ಸೂಕ್ಷ್ಮ ಕೊಳವೆಗಳ ತಯಾರಿಕೆಯಲ್ಲಿ ಹೆಸರಾದವು ಜಪಾನು ಚೀನಗಳು. ೧೯೫೩ರಲ್ಲಿ ಸ್ಥಾಪಿತವಾದ ಎಚ್‌ಎಂಟಿ ಸಂಸ್ಥೆಯು ೧೯೬೦ರ ದಶಕದ ಆರಂಭದಲ್ಲಿ ಇದೇ ಬೆಂಗಳೂರಿನಲ್ಲಿ ಕೈಗಡಿಯಾರಗಳನ್ನು ಮಾಡತೊಡಗಿತು. ಕೂದಲೆಳೆಯನ್ನು ಮೀರಿಸುವ ನಯದ ಕೆಲಸದಲ್ಲಿ ಅಂದು ಇಲ್ಲಿಯ ಗಂಡಸರೂ ಹೆಂಗಸರೂ ಪಳಗಿದರು. ಗಡಿಯಾರದ ಆ ಉದ್ಯಮವನ್ನು ಮುಚ್ಚಲು ೨೦೧೬ರಲ್ಲಿ ಕೇಂದ್ರ ಸರಕಾರವು ನಿರ್ಣಯಿಸಿತು. ಉದ್ಯಮ ಮುಚ್ಚಿದರೂ ಅಂತಹ ಕೈಗಳನ್ನು ಬೆಳೆಸಬಲ್ಲ ನಗರವು ಮುಚ್ಚಿಲ್ಲ.

ನಾವು ಕೇಳುವುದು ಬಹಳವಲ್ಲ. ಸರಕಾರದ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಗಾಜಿನೆಳೆಯ ಬೆಸುಗೆಯನ್ನೂ ಕನೆಕ್ಟರಿನ ಶುದ್ಧಿಯನ್ನೂ ವಿದ್ಯುತ್ ಕೆಲಸದಷ್ಟೇ ಗೌರವದಿಂದ ಕಲಿಸಲಿ. ಪರೀಕ್ಷೆಯಲ್ಲಿ ತೇರ್ಗಡೆಯಾದವನೇ ಸಂಧಿಯನ್ನು ಮಾಡಲಿ. ಕೆಲಸ ಮುಗಿದೊಡನೆ ಬೆಳಕಿನ ಮಾಪಕದಿಂದ ಅಳೆದ ಅಂಕಿಯನ್ನು ಮನೆಯೊಡೆಯನಿಗೆ ಬರೆದುಕೊಡಲಿ. ಸರಕಾರದ ಕಚೇರಿಗಳು ಈ ಅಂಕಿಯಿಲ್ಲದ ಬಿಲ್ಲಿಗೆ ಹಣ ಸಲ್ಲಿಸದಿದ್ದರೆ ಗುತ್ತಿಗೆದಾರರು ತಾವಾಗಿಯೇ ದಾರಿಗೆ ಬರುವರು. ಮನೆಯೊಡೆಯರೂ ಅಂಕಿಯನ್ನು ಕೇಳುವುದನ್ನು ಕಲಿಯಲಿ. ಬೆಳಕು ನಮ್ಮ ಬಾಗಿಲವರೆಗೆ ಬಂದಿದೆ. ಹೊಸ್ತಿಲಲ್ಲಿ ಒಂದು ಚಿಟಿಕೆ ಧೂಳಿಗಾಗಿ ಅದನ್ನು ಕಳೆದುಕೊಳ್ಳುವ ಬಡತನ ನಮಗೆ ಬೇಡ.