ಏಳನೇ ಹೆದ್ದಾರಿಗೆ ಯಾವ ನಕ್ಷೆ?

ನಾಗಪುರದಿಂದ ಬೆಂಗಳೂರಿಗೆ ಕಾರಿನಲ್ಲೇ ಹೊರಡುತ್ತೀರಾ? ಸುಮಾರು 1,100 ಕಿ.ಮೀ., ಹೆಚ್ಚುಕಡಿಮೆ ಒಂದೇ ರಸ್ತೆ. ‘ಮೊಬೈಲ್ ಇದೆಯಲ್ಲ, ನಕ್ಷೆ ಯಾಕೆ?’ ಎನ್ನಬಹುದು. ದಾರಿ ತಪ್ಪದಿರಲು ಮೊಬೈಲ್ ಸಾಕು. ಆದರೆ ದಾರಿಯಲ್ಲಿ ನೋಡುವಂಥದ್ದು ಏನಿದೆ ಎಂದು ಅದು ತಾನಾಗಿ ಹೇಳುವುದಿಲ್ಲ. ಊರುಗಳನ್ನೆಲ್ಲ ಬೈಪಾಸ್ ಮಾಡಿಸಿ ಮನೆ ಮುಟ್ಟಿಸುತ್ತದೆ, ಅಷ್ಟೆ.

ಪುಸ್ತಕ ಕೊಳ್ಳುವ ಮುನ್ನ ಮುದ್ರಣದ ವರ್ಷ ನೋಡಿ. ವಾರಾಣಸಿಯಿಂದ ಕನ್ಯಾಕುಮಾರಿಗೆ ಹೋಗುತ್ತಿದ್ದ ಈ ರಸ್ತೆ ನಮ್ಮ ಬಾಯಲ್ಲಿ ಇನ್ನೂ ‘ಎನ್‌ಎಚ್ 7’. 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಾದಾಗ ನಾಗಪುರದಿಂದ ದಕ್ಷಿಣದ ಭಾಗ 44 ಆಯಿತು. ಹಳೆಯ ಪುಸ್ತಕಗಳಲ್ಲಿ ಅದಿಲಾಬಾದ್ ಕೂಡ ಆಂಧ್ರದಲ್ಲೇ ಇರುತ್ತದೆ. ತೆಲಂಗಾಣ ಆದದ್ದು 2014ರಲ್ಲಿ. ಹಾಗೆಂದು ಅವನ್ನು ರದ್ದಿಗೆ ಹಾಕಬೇಡಿ. ರಸ್ತೆಗೆ ಹೊಸ ಅಟ್ಲಾಸ್, ಕಥೆಗೆ ಹಳೆಯ ಪುಸ್ತಕ, ಇದು ನನ್ನ ಲೆಕ್ಕ.

ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಗಳು ಬಲು ಚೆಂದ. ಆದರೆ ಅವುಗಳಲ್ಲಿ ಒಂದು ಕಿ.ಮೀ. ಎಂದರೆ 2 ಸೆಂ.ಮೀ.; ಬೆಂಗಳೂರು ಮುಟ್ಟಲು 22 ಮೀಟರ್ ಕಾಗದ ಹಾಸಬೇಕು! ಹೆದ್ದಾರಿಗೆ ಸೆಂಟಿಮೀಟರಿಗೆ 10-15 ಕಿ.ಮೀ. ತೋರಿಸುವ ಅಟ್ಲಾಸ್ ಧಾರಾಳವಾಯಿತು.

ಗೈಡ್‌ಬುಕ್ ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ಹಿಂಗಣಘಾಟ್. ನಾಗಪುರದಿಂದ ಸುಮಾರು 75 ಕಿ.ಮೀ. ದಕ್ಷಿಣಕ್ಕಿರುವ ಊರು. ಶ್ರೀರಂಗಪಟ್ಟಣದ 1799ರ ಯುದ್ಧದಲ್ಲಿದ್ದ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಶುರುಮಾಡಿದ ಭೂಮಾಪನ, ಬೆಂಗಳೂರನ್ನೂ ಒಳಗೊಂಡು, ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ಉತ್ತರಕ್ಕೆ ಬಂತು. ನಾಗಪುರಕ್ಕೆ ಹೊರಟಿದ್ದ ಆತ 1823ರ ಜನವರಿಯಲ್ಲಿ ಹಿಂಗಣಘಾಟಿನಲ್ಲಿ ತೀರಿಕೊಂಡ. ಸಮಾಧಿ ಅಲ್ಲೇ ಇದೆ. ನಾಗಪುರದ ಜೀರೋ ಮೈಲ್ ಕಂಬವೂ ಆ ಸರ್ವೆಯ ಮುಂದುವರಿಕೆಯದೇ. ಅಲ್ಲಿನ ನಾಲ್ಕು ಕುದುರೆಗಳ ಮುಂದೆ ಫೋಟೋ ತೆಗೆಸಿಕೊಳ್ಳಿ ಎನ್ನದ ಪುಸ್ತಕವಿಲ್ಲ. ಹಿಂಗಣಘಾಟಿನಲ್ಲಿ ಗಾಡಿ ಒಳಗೆ ತಿರುಗಿಸಿ ಎನ್ನುವ ಪುಸ್ತಕ ಸಿಕ್ಕರೆ ಬೆಲೆ ನೋಡದೆ ಕೊಳ್ಳಿ. ಜಾನ್ ಕೀ ಅವರ ‘ದಿ ಗ್ರೇಟ್ ಆರ್ಕ್’ (2000) ಗೈಡ್ ಅಲ್ಲ, ಆದರೂ ಓದಿಕೊಂಡು ಹೊರಡಿ. ಆತನಿಗೆ ಇಪ್ಪತ್ತು ವರ್ಷ ಹಿಡಿದ ನೆಲವನ್ನು ನೀವು ಎರಡು ದಿನದಲ್ಲಿ ದಾಟುತ್ತೀರಿ.

ಕರ್ನೂಲು ದಾಟಿದ ಮೇಲೆ ಅವಸರ ಬೇಡ. ಗುತ್ತಿಯ ಕೋಟೆ, 1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಪೆನುಕೊಂಡ, ಹೆದ್ದಾರಿಯಿಂದ ಸ್ವಲ್ಪವೇ ಒಳಗಿರುವ ಲೇಪಾಕ್ಷಿ, ಎಲ್ಲ ಸಾಲಾಗಿ ಬರುತ್ತವೆ. ಹಿಂದಿನ ರಾತ್ರಿಯೇ ಪೆನ್ಸಿಲಿನಲ್ಲಿ ಗುರುತು ಹಾಕಿ ಅಟ್ಲಾಸನ್ನು ಹಿಂದಿನ ಸೀಟಿನ ಮಕ್ಕಳ ಕೈಗೆ ಕೊಡಿ. ಬೆಳಗ್ಗೆ ಆರಕ್ಕೆ ನಾಗಪುರ ಬಿಟ್ಟರೆ ಹಿಂಗಣಘಾಟಿನಲ್ಲಿ ತಿಂಡಿ.