ಕಣ್ಣಿಗೆ ಕಾಣದ ಗಡಿಯೇ ಕಗ್ಗಂಟು

2016ರ ಜೂನ್ 23ರಂದು ಬ್ರಿಟನ್ನಿನ ಮತದಾರರ ಮುಂದಿದ್ದದ್ದು ಒಂದೇ ಪ್ರಶ್ನೆ: ಐರೋಪ್ಯ ಒಕ್ಕೂಟದಲ್ಲಿ ಇರಬೇಕೋ, ಬಿಡಬೇಕೋ? ಶೇ 51.9ರಷ್ಟು ಮಂದಿ ‘ಬಿಡೋಣ’ ಎಂದರು. ಹೇಗೆ ಬಿಡುವುದು ಎಂದು ಮತಪತ್ರ ಕೇಳಿರಲಿಲ್ಲ. ಅಸಲಿ ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಕೂಡುಕುಟುಂಬ ಪಾಲಾಗುವುದನ್ನು ನೋಡಿದವರಿಗೆ ಗೊತ್ತು. ಹೊಲ, ಸಾಲ ಹೇಗೋ ಹಂಚಿಹೋಗುತ್ತವೆ. ಜಗಳ ಹತ್ತುವುದು ಇಬ್ಬರೂ ಓಡಾಡುವ ದಾರಿಯ ವಿಚಾರಕ್ಕೆ. ಇಲ್ಲೂ ಅಷ್ಟೇ. ಬಾಕಿ ಲೆಕ್ಕ, ವಲಸಿಗರ ಹಕ್ಕುಗಳು 2017ರ ಕೊನೆಗೆ ಬಹುಮಟ್ಟಿಗೆ ಇತ್ಯರ್ಥವಾದವು. ಉಳಿದದ್ದು ಐರ್ಲೆಂಡಿನ ಸುಮಾರು 500 ಕಿಲೋಮೀಟರ್ ಗಡಿ.

ಗಡಿಯ ಆಚೆ ಐರ್ಲೆಂಡ್ ಗಣರಾಜ್ಯ, ಒಕ್ಕೂಟದ ಸದಸ್ಯ. ಈಚೆ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್. ಅಲ್ಲಿ ಮೂರು ದಶಕಗಳ ಹಿಂಸಾಚಾರಕ್ಕೆ ಬಲಿಯಾದವರು 3,500ಕ್ಕೂ ಹೆಚ್ಚು. 1998ರ ಶಾಂತಿ ಒಪ್ಪಂದದ ಬಳಿಕ ಸೈನಿಕರ ತಪಾಸಣಾ ಠಾಣೆಗಳು, ಕಾವಲು ಗೋಪುರಗಳು ಮಾಯವಾದವು. ಈಗ ಗಡಿ ದಾಟಿದ್ದು ತಿಳಿಯುವುದು ವೇಗಮಿತಿಯ ಫಲಕ ಮೈಲಿಯಿಂದ ಕಿಲೋಮೀಟರಿಗೆ ಬದಲಾದಾಗ! ಆ ಠಾಣೆಗಳನ್ನೇ ಕಾಣದೆ ಬೆಳೆದ ನಮ್ಮ ವಯಸ್ಸಿನವರು ಅಲ್ಲಿದ್ದಾರೆ.

ಆದರೆ ಸುಂಕದ ನಿಯಮ ಬೇರೆಯಾದರೆ ಸರಕನ್ನು ಎಲ್ಲಾದರೂ ತಪಾಸಣೆ ಮಾಡಲೇಬೇಕಲ್ಲ? ನೆಲದ ಗಡಿಯಲ್ಲಿ ಮಾಡಿದರೆ ಹಳೆಯ ಗಾಯ ಕೆದಕಿದಂತೆ. ಸಮುದ್ರದಲ್ಲಿ ಮಾಡಿದರೆ ಬ್ರಿಟನ್ ತನ್ನದೇ ಪ್ರಾಂತ್ಯವನ್ನು ದೂರವಿಟ್ಟಂತೆ. ಬೇರೆ ದಾರಿ ಸಿಗುವವರೆಗೆ ಇಡೀ ಬ್ರಿಟನ್ ಒಕ್ಕೂಟದ ಸುಂಕ ವ್ಯವಸ್ಥೆಯಲ್ಲೇ ಇರಲಿ ಎಂಬ ಷರತ್ತಿಗೆ ಪ್ರಧಾನಿ ತೆರೆಸಾ ಮೇ ಒಪ್ಪಿದರು. ‘ಹಾಗಾದರೆ ಬಿಟ್ಟದ್ದೇನು?’ ಎಂದು ಅವರ ಪಕ್ಷದವರೇ ತಿರುಗಿಬಿದ್ದರು. 2019ರ ಜನವರಿ 15ರಂದು ಆ ಒಪ್ಪಂದ ಸಂಸತ್ತಿನಲ್ಲಿ 432–202 ಮತಗಳಿಂದ ಸೋತಿತು. ಮತ್ತೆರಡು ಸಲ ಸೋತ ಮೇಲೆ ಮೇ ಅವರ ಕುರ್ಚಿಯೂ ಹೋಯಿತು.

ನಂತರ ಬಂದ ಬೋರಿಸ್ ಜಾನ್ಸನ್ ತಪಾಸಣೆಯನ್ನು ಸಮುದ್ರಕ್ಕೆ ಸರಿಸಿ ಸಹಿ ಹಾಕಿದರು. 2020ರ ಜನವರಿ 31ಕ್ಕೆ ಬ್ರಿಟನ್ ಹೊರಬಂತು. ಜಾಣತನವೆಂದು ಹೊಗಳಿದವರಿದ್ದಾರೆ; ನನಗದು ಹೊರೆಯನ್ನು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟಿಸಿದಂತೆ ಕಾಣುತ್ತದೆ. ಹೊತ್ತವರು ಉತ್ತರ ಐರ್ಲೆಂಡಿನವರು. ಅವರಲ್ಲಿ ಶೇ 55.8ರಷ್ಟು ಮಂದಿ ‘ಇರೋಣ’ ಎಂದೇ ಮತ ಹಾಕಿದ್ದರು. ಸಮುದ್ರದ ಗಡಿಯನ್ನು ವಿರೋಧಿಸಿ ಅಲ್ಲಿನ ಡಿಯುಪಿ ಪಕ್ಷ 2022ರ ಫೆಬ್ರುವರಿಯಲ್ಲಿ ಅಧಿಕಾರ ತೊರೆಯಿತು. ಪ್ರಾಂತ್ಯಕ್ಕೆ ಎರಡು ವರ್ಷ ಸರ್ಕಾರವೇ ಇರಲಿಲ್ಲ.

2023ರಲ್ಲಿ ಹೊಸ ಒಡಂಬಡಿಕೆ ಬಂತು. ಉತ್ತರ ಐರ್ಲೆಂಡಿನಲ್ಲೇ ಉಳಿಯುವ ಸರಕಿಗೆ ಹಸಿರು ಪಥ, ಗಡಿ ದಾಟಬಹುದಾದ ಸರಕಿಗೆ ಕೆಂಪು ಪಥ. 2024ರ ಫೆಬ್ರುವರಿಯಲ್ಲಿ ಸರ್ಕಾರ ಮರಳಿತು. ನೆಲದ ಮೇಲಿನ ಗಡಿಯಲ್ಲಿ ಮಾತ್ರ ಇಂದಿಗೂ ಠಾಣೆಗಳಿಲ್ಲ.